ಎರಡು ನಿಮಿಷದ ಮೌನಕ್ಕೆ ನನ್ನ ವಿರೋಧವಿದೆ

ಎರಡು ನಿಮಿಷದ ಮೌನವೆಂಬುದು ನಮ್ಮ ಮಂಡ್ಯದಲ್ಲಿ ಹೆಚ್ಚೆಂದರೆ ನಲವತ್ತು ಸೆಕೆಂಡಿನದು. ಇದನ್ನು ನಾನು ಬಾಯಿಗೆ ಬಂದಂತೆ ಹೇಳುತ್ತಿಲ್ಲ, ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ನಿವೃತ್ತಿಯ ನಂತರ ಮನುಷ್ಯನಿಗೆ ಮದುವೆಯ ಕರೆಯೋಲೆಗಳು ಕಡಿಮೆಯಾಗಿ ಸಂತಾಪ ಸಭೆಯ ಸಂದೇಶಗಳು ಹೆಚ್ಚಾಗುತ್ತವೆ. ಹೋದಲ್ಲೆಲ್ಲ ತಲೆ ತಗ್ಗಿಸಿ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಹಾಗೆ ನಿಂತವನ ಕಣ್ಣಿನ ನೇರಕ್ಕೆ ಅವನದೇ ಕೈಗಡಿಯಾರ ಬಂದು ಕೂತರೆ ಅದು ಅವನ ತಪ್ಪಲ್ಲ. ಮೊದಲ ಹತ್ತು ಸೆಕೆಂಡು ಕುರ್ಚಿಗಳು ಕಿರುಗುಟ್ಟುವುದರಲ್ಲಿ ಕಳೆಯುತ್ತವೆ. ಮುಂದಿನ ಹತ್ತರಲ್ಲಿ ಯಾರದೋ ಜೇಬಿನ ಮೊಬೈಲು ಭಕ್ತಿಗೀತೆ ಹಾಡುತ್ತದೆ. ಉಳಿದ ಇಪ್ಪತ್ತರಲ್ಲಿ ನಾವು ಎದುರಿಗೆ ನಿಂತವರ ಅಂಗಿಯ ಕಾಲರು ಸವೆದಿರುವುದನ್ನೋ, ಸಭೆ ಮುಗಿದ ಮೇಲೆ ಕೊಡುವುದು ಮದ್ದೂರು ವಡೆಯೋ ಬರೀ ಬಿಸ್ಕತ್ತೋ ಎಂಬುದನ್ನೋ ಗಂಭೀರವಾಗಿ ಧ್ಯಾನಿಸುತ್ತೇವೆ. ಹೋದವರ ಮುಖ ನೆನಪಿಗೆ ಬರುವಷ್ಟರಲ್ಲಿ, ಮಂಡಿನೋವಿನ ಅಧ್ಯಕ್ಷರು ಮೈಕಿನಲ್ಲಿ 'ಓಂ ಶಾಂತಿ' ಎಂದುಬಿಟ್ಟಿರುತ್ತಾರೆ.

ಹೀಗೆಂದ ಮಾತ್ರಕ್ಕೆ ನಾನು ಮೌನದ ಹುಟ್ಟು ವೈರಿಯೆಂದು ತಿಳಿಯಬೇಡಿ. ನಾನು ಅದರ ಹಳೆಯ ಭಕ್ತ, ಒಂದು ರೀತಿಯಲ್ಲಿ ಅರ್ಚಕ. ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಮದ್ದೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ, ಮಂಡ್ಯದಲ್ಲಿ ಮನೆ ಕಟ್ಟಿದವನು. ನಮ್ಮ ಕಡೆಯ ಮಾತು ಒರಟು ಎಂದು ಪರಜಿಲ್ಲೆಯ ಸಹೋದ್ಯೋಗಿಗಳು ಆಡಿಕೊಳ್ಳುವುದನ್ನು ಕೇಳಿ ಕೇಳಿ, ನನ್ನ ನಾಲಗೆಯಿಂದ ಕಳೆದುಹೋಗಿದ್ದ ಹಕಾರಗಳನ್ನೆಲ್ಲ ಒಂದೊಂದಾಗಿ ಹುಡುಕಿ ತಂದು ಸ್ವಸ್ಥಾನದಲ್ಲಿ ಪ್ರತಿಷ್ಠಾಪಿಸಿ, ನಿವೃತ್ತನಾಗುವ ಹೊತ್ತಿಗೆ 'ಮೃದುಭಾಷಿ' ಎಂಬ ಬಿರುದನ್ನೂ ಒಂದು ಶಾಲನ್ನೂ ಸಂಪಾದಿಸಿದ್ದೆ. ಬೀಳ್ಕೊಡುಗೆಯ ದಿನ ಪ್ರಾಂಶುಪಾಲರು, 'ಇವರು ಕಾಲೇಜಿನಲ್ಲಿದ್ದದ್ದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ' ಎಂದು ಹೊಗಳಿದರು. ಆವತ್ತು ನನಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು.

ಭಾಷೆಯ ಇತಿಹಾಸವೆಂಬ ಒಂದು ಪಠ್ಯವಿಷಯ ನಮ್ಮಲ್ಲಿತ್ತು. ಯಾರಿಗೂ ಬೇಡದ ಕೂಸಾದ್ದರಿಂದ ಅದು ನನ್ನ ಮಡಿಲಿಗೆ ಬಿತ್ತು. ಶಬ್ದವೊಂದು ಊರಿಂದೂರಿಗೆ ಅಲೆಯುತ್ತ ಅರ್ಥ ಬದಲಿಸುವುದನ್ನು ವಿವರಿಸಲು ನಾನು ವರ್ಷವರ್ಷವೂ ಒಂದೇ ಉದಾಹರಣೆ ಬಳಸುತ್ತಿದ್ದೆ: 'ಸ್ಟಿಲ್'. ಕಬ್ಬಿನ ಗಾಡಿಗಳು ಗುಡುಗುತ್ತ ಹೋಗುವ ರಸ್ತೆಯ ಪಕ್ಕದ ತರಗತಿಯಲ್ಲಿ ನಿಂತು ಉತ್ತರ ಯುರೋಪಿನ ನಿಶ್ಶಬ್ದವನ್ನು ಕೂಗಿ ಕೂಗಿ ಬಣ್ಣಿಸುತ್ತಿದ್ದ ನನಗೆ ಹುಡುಗರು 'ಸ್ಟಿಲ್ ಮೇಷ್ಟ್ರು' ಎಂದು ಹೆಸರಿಟ್ಟದ್ದರಲ್ಲಿ ಅನ್ಯಾಯವೇನೂ ಇಲ್ಲ.

ಕೇಳಿ, ನಿಮಗೂ ಸ್ವಲ್ಪ ಪಾಠ ಮಾಡಿಬಿಡುತ್ತೇನೆ, ಚಟ ಬಿಟ್ಟಿಲ್ಲ. ಇಂಗ್ಲಿಷಿನಲ್ಲಿ 'ಸೈಲೆನ್ಸ್', 'ಕ್ವಯೆಟ್' ಎಂಬಿವು ಲ್ಯಾಟಿನ್ ಮನೆತನದಿಂದ ಬಂದ ನೆಂಟರು, ಉಡುಗೆತೊಡುಗೆ ಜೋರು. 'ಸ್ಟಿಲ್' ಮಾತ್ರ ಮನೆಯಲ್ಲೇ ಹುಟ್ಟಿದ ಮಗ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದು 'ಸ್ಟಿಲ್ಲೆ'. ಜರ್ಮನರ ಬಾಯಲ್ಲಿ 'ಶ್ಟಿಲ್', ಡಚ್ಚರಲ್ಲಿ 'ಸ್ಟಿಲ್', ಡೇನರಲ್ಲಿ 'ಸ್ಟಿಲ್ಲೆ', ಸ್ವೀಡನ್ನಿನವರಲ್ಲಿ 'ಸ್ಟಿಲ್ಲ'. ಇವರೆಲ್ಲ ಒಂದೇ ತಾಯಿಯ ಮಕ್ಕಳು. ಆ ಕುಟುಂಬದ ಬೇರಿನಲ್ಲಿರುವ ಅರ್ಥ ನಿಶ್ಶಬ್ದವಲ್ಲ, ನಿಲ್ಲುವುದು, ನೆಲೆಗೊಳಿಸುವುದು. ದನ ಕಟ್ಟುವ ಕೊಟ್ಟಿಗೆಗೆ ಅವರು ಹೇಳುವ 'ಸ್ಟಾಲ್' ಇದರ ದಾಯಾದಿ. ನಮ್ಮ 'ಸ್ಥಳ'ವೂ ದೂರದ ನೆಂಟನೆಂದು ಕೆಲವು ಪಂಡಿತರ ಗುಮಾನಿ. ಅಂದರೆ ಅಲುಗದೆ ನಿಲ್ಲುವುದು ಮೊದಲು, ಸದ್ದಿಲ್ಲದಿರುವುದು ಆಮೇಲೆ. ಜರ್ಮನ್ ಸೇನಾಧಿಕಾರಿ ಸಿಪಾಯಿಗಳನ್ನು ಸೆಟೆದು ನಿಲ್ಲಿಸುವ ಆಜ್ಞೆಯಲ್ಲೂ ಇದೇ ಮಾತು, ಯುದ್ಧವಿರಾಮಕ್ಕೆ ಅವರಿಟ್ಟ ಹೆಸರಿನಲ್ಲೂ ಇದೇ ಮಾತು. ಡಚ್ಚರು ತಟ್ಟೆಯಲ್ಲಿಟ್ಟ ಹಣ್ಣುಹಂಪಲಿನ ಚಿತ್ರಕ್ಕೆ ಇದನ್ನೇ ಅಂಟಿಸಿದರು. ಸ್ವೀಡನ್ನಿನವರು ಶಾಂತಸಾಗರವನ್ನೂ, ಈಸ್ಟರ್ ಹಬ್ಬದ ಹಿಂದಿನ ಶೋಕದ ವಾರವನ್ನೂ ಇದೇ ಮಾತಿನಿಂದ ಕರೆದರು. ಇಂಗ್ಲಿಷರು ಅದನ್ನು ಇನ್ನೂ ಮುಂದಕ್ಕೆ ನಡೆಸಿ, ಅಲುಗದೆ ಉಳಿದದ್ದು ಇವತ್ತಿಗೂ ಇದೆ ಎಂಬರ್ಥದಲ್ಲಿ 'ಇನ್ನೂ' ಎನ್ನುವುದಕ್ಕೂ ಬಳಸಿದರು.

ಈ ಪಾಠದಲ್ಲಿ ನಾನು ಪ್ರತಿವರ್ಷವೂ ಹಾರಿಸುತ್ತಿದ್ದ ಒಂದು ಪ್ರಯೋಗವಿತ್ತು. ಜರ್ಮನ್ನಿನಲ್ಲಿ 'ಶ್ಟಿಲ್ಲೆನ್' ಎಂದರೆ ಸುಮ್ಮನಾಗಿಸುವುದು. ಅದರ ಮುಖ್ಯ ಬಳಕೆ, ಮಗುವಿಗೆ ಮೊಲೆಯೂಡಿಸುವುದು. ಮುಂದಿನ ಬೆಂಚುಗಳ ತುಂಬ ಹೆಣ್ಣುಮಕ್ಕಳು ಕೂತಿರುವಾಗ ಇದನ್ನು ಬಾಯಿಬಿಟ್ಟು ಹೇಳಲು ಮೃದುಭಾಷಿಗೆ ನಾಚಿಕೆ. ಹೀಗಾಗಿ ಮೂವತ್ತು ವರ್ಷದ ವಿದ್ಯಾರ್ಥಿಗಳು ಸಿಪಾಯಿಯ ಮೌನವನ್ನು ಕಲಿತು ಹೋದರೇ ಹೊರತು ತಾಯಿಯ ಮೌನದ ವಿಷಯ ಅವರಿಗೆ ತಿಳಿಯಲಿಲ್ಲ.

ಇಂಥ ಮೌನೋಪಾಸಕನನ್ನು ಕಟ್ಟಿಕೊಂಡವಳು ರತ್ನ. ಕೊಕ್ಕರೆ ಬೆಳ್ಳೂರಿನ ಪಕ್ಕದ ಊರಿನವಳು, ಪ್ರೈಮರಿ ಶಾಲೆಯ ಟೀಚರು. ಅವಳು ಒಂದನೇ ತರಗತಿಗೆ ಮಗ್ಗಿ ಹೇಳಿಕೊಟ್ಟರೆ ರಸ್ತೆಯಾಚೆಯ ಹೋಟೆಲಿನವನಿಗೂ ಮಗ್ಗಿ ಬಾಯಿಪಾಠವಾಗುತ್ತಿತ್ತು. ನಕ್ಕರೆ ಮೂರು ಮನೆಯಾಚೆಗೆ ಕೇಳುತ್ತಿತ್ತು. ಜಗಳವಾಡಿದರೆ ಎಷ್ಟು ಮನೆಯಾಚೆಗೆ ಕೇಳುತ್ತಿತ್ತೆಂದು ನಾನು ಅಳೆಯಲು ಹೋಗಲಿಲ್ಲ. ಆ ಕಡೆಯ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳಿಗೆ ದನಿಯೇ ಇಲ್ಲವಂತೆ, ಬರೀ ಕೊಕ್ಕು ಬಡಿದು ಸದ್ದು ಮಾಡುತ್ತವಂತೆ. ಪ್ರತಿ ಜಗಳದ ಮಧ್ಯದಲ್ಲಿ ನಾನು ಮೌನಕ್ಕೆ ಶರಣಾದಾಗ ಅವಳು ತವರಿನ ಹಕ್ಕಿಗಳನ್ನು ಸಾಕ್ಷಿಗೆ ಕರೆಯುತ್ತಿದ್ದಳು: "ಗಂಟ್ಲಿಲ್ಲದ ಅಕ್ಕಿನೂ ಕೊಕ್ಕಾದ್ರೂ ಬಡೀತದೆ ಕಣ್ರೀ. ನಿಮ್ಗೇನ್ ಬಂದದೆ ರೋಗ?" ನಮಗೆ ಮಕ್ಕಳಾಗಲಿಲ್ಲ. ಮನೆ ತುಂಬುವಷ್ಟು ಸದ್ದನ್ನು ಅವಳೊಬ್ಬಳೇ ಮಾಡುತ್ತಿದ್ದಳು.

ಇನ್ನು ನಮ್ಮ ಅಕ್ಕನ ಪರಿಚಯ ಮಾಡಿಸಬೇಕು. ಚಿಕ್ಕತಾಯಮ್ಮ, ನನಗಿಂತ ಎಂಟು ವರ್ಷ ಹಿರಿಯಳು. ಹುಟ್ಟಿದೂರಿನಲ್ಲೇ ಮದುವೆಯಾಗಿ, ರೇಷ್ಮೆಹುಳು ಸಾಕಿ, ಗೂಡು ಮಾರಿದ ದುಡ್ಡಿನಿಂದ ನನ್ನನ್ನು ಓದಿಸಿದವಳು. ಓದಿದರೇನು, ಅವಳ ಪಾಲಿಗೆ ನಾನು ನಿವೃತ್ತನಾದ ಮೇಲೂ 'ಏನ್ಲಾ', 'ಯಾಕ್ಲಾ' ಆಗಿಯೇ ಉಳಿದೆ. ಹುಳುವಿನ ಮನೆಯಲ್ಲಿ ಅವಳಷ್ಟು ಸದ್ದಿಲ್ಲದೆ ಓಡಾಡುವವರನ್ನು ನಾನು ಕಂಡಿಲ್ಲ. ಹುಳು ಪೊರೆ ಬಿಡುವುದಕ್ಕೆ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಕಲ್ಲಿನ ಹಾಗೆ ಕೂರುತ್ತದೆ; ಅದನ್ನು ನಮ್ಮವರು ಹುಳುವಿನ ಜ್ವರ ಎನ್ನುತ್ತಾರೆ. ಆಗ ಅಕ್ಕ ಬಾಗಿಲನ್ನು ಕೂಡ ಉಸಿರು ಬಿಗಿಹಿಡಿದು ಮುಚ್ಚುತ್ತಾಳೆ. ಆದರೆ ಊರಿನಲ್ಲಿ ಸಾವಾದರೆ ಅದೇ ಅಕ್ಕನ ಕೊರಳು ಬೇರೆ. ಸತ್ತವರ ತೊಟ್ಟಿಲಿನಿಂದ ಶುರುಮಾಡಿ, ಆಡಿದ್ದು, ಬೆಳೆದದ್ದು, ಮದುವೆಯಾದದ್ದು, ಹೆತ್ತದ್ದು ಹೊತ್ತದ್ದು ಒಂದನ್ನೂ ಬಿಡದೆ ಕ್ರಮವಾಗಿ ಹಾಡಿ ಹೇಳಿಕೊಂಡು ಅಳುತ್ತಾಳೆ. ಸತ್ತವರಿಗೆ ಅನ್ಯಾಯ ಮಾಡಿದವರು ಅಲ್ಲೇ ನಿಂತಿದ್ದರೆ ಅವರಿಗೂ ಹಾಡಿನಲ್ಲಿ ಪಾಲಿದೆ. ಅಳುವವಳ ಬಾಯಿಗೆ ಯಾರೂ ಅಡ್ಡ ಬರುವಂತಿಲ್ಲ. ನನ್ನ ಇಡೀ ವಿದ್ವತ್ತಿನಲ್ಲಿ ಅಷ್ಟು ಅಚ್ಚುಕಟ್ಟಾದ ಇತಿಹಾಸ ಪಾಠ ನಾನು ಒಂದೂ ಮಾಡಿಲ್ಲ.

ಈ ಅಳುವಿಗೊಂದು ಕಟ್ಟಳೆಯಿದೆ. ಬೇರೆ ಊರಿನಿಂದ ಬಂದ ಹೆಂಗಸು ಸಾವಿನ ಮನೆಯ ಬೀದಿ ತಿರುವಿನಲ್ಲೇ ಅಳು ಎತ್ತಬೇಕು, ಅಳುತ್ತಲೇ ನಡೆದು ಬರಬೇಕು. ಆ ದನಿ ಕೇಳಿದ ಕೂಡಲೇ ಮನೆಯವರು ಹೊರಗೆ ಬಂದು, ಅವಳನ್ನು ಎದುರುಗೊಂಡು, ಕೊರಳು ತಬ್ಬಿ ಜೊತೆಗೆ ಅಳಬೇಕು. ಎಷ್ಟೇ ದ್ವೇಷವಿರಲಿ, ಮಾತು ಬಿಟ್ಟು ಎಷ್ಟೇ ವರ್ಷವಾಗಿರಲಿ, ಬೀದಿಯಲ್ಲಿ ಎದ್ದ ಅಳುವನ್ನು ಕೇಳಿಯೂ ಒಳಗೆ ಕೂರುವಂತಿಲ್ಲ. ಯಾರೂ ಎದುರುಗೊಳ್ಳದ ಅಳು ಅತ್ತವರ ಕೊರಳಲ್ಲೇ ಉಳಿದುಬಿಡುತ್ತದೆ ಎಂದು ನಮ್ಮೂರಿನ ನಂಬಿಕೆ.

ಹೋದ ವರ್ಷ ಯುಗಾದಿ ಕಳೆದ ವಾರದಲ್ಲಿ ರತ್ನ ಹೋದಳು. ಎದೆ ನೋವೆಂದಳು, ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆಳಿಗ್ಗೆ ದೇಹವನ್ನು ಮನೆಗೆ ತಂದಾಗ ನಮ್ಮ ಬಡಾವಣೆಯ ಸಂಘದವರು ಎಲ್ಲವನ್ನೂ ವಹಿಸಿಕೊಂಡರು. ಸಂಘದ ಕಾರ್ಯದರ್ಶಿ ನಿವೃತ್ತ ಎಂಜಿನಿಯರು, ನಿಜಕ್ಕೂ ಒಳ್ಳೆಯವರು. ಶಾಮಿಯಾನ, ಕುರ್ಚಿ, ನೀರಿನ ಬಾಟಲಿ, ಭಾವಚಿತ್ರದ ಬ್ಯಾನರು ಎಲ್ಲವೂ ಎರಡು ಗಂಟೆಯಲ್ಲಿ ಬಂದವು. ಹನ್ನೊಂದು ಗಂಟೆಗೆ ಸರಿಯಾಗಿ ಎರಡು ನಿಮಿಷದ ಮೌನವೆಂದು ಅವರು ಪ್ರಕಟಿಸಿದರು. ಎಲ್ಲರೂ ಎದ್ದು ತಲೆ ತಗ್ಗಿಸಿದರು. ಸರಿಯಾಗಿ ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಆಟೋ ನಿಂತು, ಅಕ್ಕ ಇಳಿದು, ಕಟ್ಟಳೆಯಂತೆ ಅಳು ಎತ್ತಿದಳು. "ಅಯ್ಯೋ ನನ್ ರತ್ನವ್ವಾ, ಬಿಸ್ಲಾಗ್ ಬಂದೋರ್ಗೆ ಮೊದ್ಲು ನೀರ್ ಕೊಡ್ತಿದ್ದ ಕೈಯೆಲ್ಲವ್ವಾ..."

ತಗ್ಗಿದ ತಲೆಗಳು ಒಂದೊಂದಾಗಿ ಮೇಲೆದ್ದವು. ಯಾರೋ ಅವಳಿಗೆ ಬಿಪಿ ಏರಿದೆಯೆಂದು ತಿಳಿದು ನೀರಿನ ಬಾಟಲಿ ಹಿಡಿದು ಓಡಿದರು. ಕಾರ್ಯದರ್ಶಿಗಳು ನನ್ನ ಕಡೆ ನೋಡಿದರು. ಮನೆಯಲ್ಲಿ ಅವಳನ್ನು ಎದುರುಗೊಳ್ಳಲು ಬೇರೆ ಹೆಂಗಸರಿರಲಿಲ್ಲ. ಇದ್ದವಳು ಒಳಗೆ ಮಲಗಿದ್ದಳು. ಗೇಟಿಗೆ ಹೋದವನು ನಾನು. ಹೋಗಿ, ಎಲ್ಲ ಹಕಾರಗಳೂ ಸ್ವಸ್ಥಾನದಲ್ಲಿರುವ ಕನ್ನಡದಲ್ಲಿ, "ಅಕ್ಕ, ಸ್ವಲ್ಪ ಸುಮ್ಮನಿರು. ಇಲ್ಲಿ ಹೀಗೆಲ್ಲ ಅಳುವ ಹಾಗಿಲ್ಲ. ಎಲ್ಲರೂ ಮೌನ ಆಚರಿಸುತ್ತಿದ್ದಾರೆ" ಎಂದೆ.

ಅಕ್ಕ ನಿಲ್ಲಿಸಿದಳು. ನನ್ನ ಭುಜದಾಚೆಗೆ, ಕೈಕಟ್ಟಿ ನಿಂತಿದ್ದ ಅಷ್ಟೂ ಜನವನ್ನು ನೋಡಿದಳು. ಅವಳಿಗೆ ಕೋಪ ಬಂದಿರಲಿಲ್ಲ, ನಿಜವಾಗಿಯೂ ಅರ್ಥವಾಗಿರಲಿಲ್ಲ. "ಯಾರೂ ಅಳ್ತಾನೇ ಇಲ್ವಲ್ಲ. ಅಂತಾ ತಪ್ಪೇನ್ಲಾ ಮಾಡಿದ್ಲು ಅವ್ಳು?" ಎಂದು ಕೇಳಿದಳು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಚಪ್ಪಲಿ ಬಿಡುವ ಜಾಗದ ಪಕ್ಕದ ಗೋಡೆಗೆ ಒರಗಿ ಕೂತಳು. ಮಣ್ಣು ಮಾಡಿ ಬಂದ ಮೇಲೂ ಒಂದು ತುತ್ತು ಉಣ್ಣದೆ ಬಸ್ಸು ಹತ್ತಿದಳು.

ಅವತ್ತಿನಿಂದ ಅಕ್ಕ ನನಗೆ ಮರ್ಯಾದೆ ಕೊಡಲು ಶುರುಮಾಡಿದಳು. ನಮ್ಮ ಕಡೆಯವರನ್ನು ಕೇಳಿ ನೋಡಿ, ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಫೋನು ಮಾಡಿದರೆ "ಚೆನ್ನಾಗಿದ್ದೀರಾ ಮೇಷ್ಟ್ರೇ? ಊಟ ಆಯ್ತಾ? ಸರಿ, ಮಡಗ್ತೀನಿ" ಎನ್ನುತ್ತಿದ್ದಳು. ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂದು, ಬಂದವರಿಗೆಲ್ಲ ಬಡಿಸಿ, ಎಲೆ ಎತ್ತಿ, ಒಂದು ಹನಿ ಕಣ್ಣೀರು ಹಾಕದೆ ಹೋದಳು. ಒಮ್ಮೆ ಊರಿಗೇ ಹೋಗಿ ಅವಳ ಮುಂದೆ ಕೂತು, ತಪ್ಪಾಯಿತು ಎಂದೆ. "ತಪ್ಪೇನಿಲ್ಲ ಬುಡಿ. ಉಳ ಜರಕ್ಕೆ ಕೂತಾಗ ಸುಮ್ಕಿರ್ಬೇಕು ಅನ್ನೋದು ನಂಗೊತ್ತು. ಸಾವಲ್ಲೂ ಸುಮ್ಕಿರ್ಬೇಕು ಅನ್ನೋದು ಗೊತ್ತಿರ್ಲಿಲ್ಲ, ನೀವ್ ಏಳ್ಕೊಟ್ರಿ" ಎಂದು ಸೊಪ್ಪು ಹಾಕಲು ಎದ್ದುಹೋದಳು.

ಅವಳ ಕೊರಳಲ್ಲಿ ಉಳಿದದ್ದು ಹಾಗಿರಲಿ, ನನ್ನ ಗತಿ ಕೇಳಿ. ನನಗೂ ಅಳು ಬರಲಿಲ್ಲ. ಮೊದಮೊದಲು ನಾನಿದನ್ನು ಸ್ಥಿತಪ್ರಜ್ಞತೆ ಎಂದುಕೊಂಡೆ, ಬಡಾವಣೆಯವರೂ ಹಾಗೆಯೇ ತಿಳಿದು ಗೌರವದಿಂದ ನಡೆದುಕೊಂಡರು. ಮೂರು ತಿಂಗಳಾದರೂ, ಆರು ತಿಂಗಳಾದರೂ ರತ್ನಳ ಸೀರೆಗಳ ಬೀರು ತೆಗೆದರೆ ಬರೀ ಕರ್ಪೂರದ ಗುಳಿಗೆಯ ವಾಸನೆ ಬರುತ್ತಿತ್ತೇ ಹೊರತು ಕಣ್ಣು ಒದ್ದೆಯಾಗುತ್ತಿರಲಿಲ್ಲ. ಅವಳ ಹೆಸರನ್ನು ಜೋರಾಗಿ ಹೇಳಲು ಹೋದರೆ ಗಂಟಲಲ್ಲಿ ಒಂದು ಗಂಟು ಬಂದು ಕೂರುತ್ತಿತ್ತು. ಮೂವತ್ತೈದು ವರ್ಷ ಜೊತೆಗಿದ್ದವಳಿಗೆ ನಾನು ಒಂದು ಹನಿಯೂ ಕೊಡಲಿಲ್ಲವಲ್ಲ ಎಂದು ನನ್ನ ಮೇಲೆ ನನಗೆ ಹೇಸಿಗೆಯಾಗತೊಡಗಿತು. ಆ ಎರಡು ನಿಮಿಷ ನನ್ನ ಪಾಲಿಗೆ ಹನ್ನೊಂದು ತಿಂಗಳಾಗಿ ಬೆಳೆದಿತ್ತು.

ಇಂಥದ್ದರಲ್ಲಿ, ವರ್ಷದ ಕಾರ್ಯಕ್ಕೆ ತಿಂಗಳಿದೆ ಎನ್ನುವಾಗ ಕಾರ್ಯದರ್ಶಿಗಳು ಸಂಘದ ಇನ್ನಿಬ್ಬರೊಡನೆ ಮನೆಗೆ ಬಂದರು. ಪಾರ್ಕಿನಲ್ಲಿ ಮೇಡಂ ಹೆಸರಿನಲ್ಲಿ ಒಂದು ಕಲ್ಲುಬೆಂಚು ಹಾಕಿಸುವುದು, ಅಂದು ಎಲ್ಲರೂ ಸೇರಿ ಮೌನಾಚರಣೆ ಮಾಡುವುದು ಎಂದು ಸಂಘ ತೀರ್ಮಾನಿಸಿತ್ತು. "ಈ ಸಲ ಎರಡಲ್ಲ ಸಾರ್, ಐದು ನಿಮಿಷ ಇಡೋಣ" ಎಂದರು, ನನಗೇನೋ ಬಡ್ತಿ ಕೊಡಿಸಿದವರಂತೆ.

"ಬ್ಯಾಡ ಕಣ್ರೀ" ಎಂದೆ.

ನನ್ನ ಬಾಯಿಂದ ಬಂದ ಆ ದನಿ ನನಗೇ ಅಪರಿಚಿತವಾಗಿತ್ತು. ಆದರೆ ಬಂದದ್ದು ಬಂದಾಗಿತ್ತು, ಹಾಗೆಯೇ ಮುಂದುವರಿಸಿದೆ. "ಬದುಕಿದ್ದಾಗ ಒಂದ್ ನಿಮ್ಸ ಸುಮ್ಕಿದ್ದೋಳಲ್ಲ ಅವ್ಳು. ಸತ್ತ ಮ್ಯಾಲೆ ಯಾಕ್ರೀ ಅವ್ಳಿಗೆ ಈ ಸಿಕ್ಸೆ? ಬೆಂಚ್ ಬೇಕಾದ್ರೆ ಆಕಿ. ಮೌನ ಬ್ಯಾಡ." ಅವರು ಗಾಬರಿಯಾಗಿ ಎದ್ದರು. ಗೇಟು ದಾಟುವಾಗ ಜೊತೆಗಿದ್ದವರಿಗೆ, ಸಾರ್‌ಗೆ ಇನ್ನೂ ದುಃಖ ಹೋಗಿಲ್ಲ ಪಾಪ, ಎಂದದ್ದು ಕೇಳಿಸಿತು. ಹೋಗುವ ಮಾತು ಹಾಗಿರಲಿ, ಅದು ಇನ್ನೂ ಬಂದೇ ಇರಲಿಲ್ಲ.

ಅವರು ಹೋದ ಮೇಲೆ ಬಹಳ ಹೊತ್ತು ಯೋಚಿಸಿದೆ. ಮಾತು ಬೆಳ್ಳಿ, ಮೌನ ಬಂಗಾರವಂತೆ. ಬಂಗಾರವೇ ಇರಬಹುದು, ಇದ್ದವರು ಬೀರುವಿನಲ್ಲಿಟ್ಟುಕೊಳ್ಳಲಿ. ಒಂದು ಮಾತು ಗಮನಿಸಿದ್ದೀರಾ? 'ಸುಮ್ಮನಿರು' ಎಂಬುದು ಯಾವಾಗಲೂ ಮೇಲಿನಿಂದ ಕೆಳಕ್ಕೆ ಹರಿಯುವ ಮಾತು. ಮೇಷ್ಟ್ರು ಹುಡುಗರಿಗೆ ಹೇಳುತ್ತಾನೆ, ಅತ್ತೆ ಸೊಸೆಗೆ ಹೇಳುತ್ತಾಳೆ, ಜಮೀನಿನವನು ಕೂಲಿಯವನಿಗೆ ಹೇಳುತ್ತಾನೆ, ಕಾರಿನಲ್ಲಿ ಬಂದವನು ಬಸ್ಸಿನಲ್ಲಿ ಬಂದವಳಿಗೆ ಹೇಳುತ್ತಾನೆ. ಹೇಳಿಸಿಕೊಂಡವರು ಸುಮ್ಮನಾದರೆ ಅದಕ್ಕೆ ಸಭ್ಯತೆ ಎಂದು ಹೆಸರು. ಮೂವತ್ತು ವರ್ಷ ಡಸ್ಟರಿನಿಂದ ಮೇಜು ಕುಟ್ಟಿ ನಾನೂ ಹೇಳಿದವನೇ, ನನ್ನನ್ನು ಓದಿಸಿದ ಅಕ್ಕನಿಗೇ ಹೇಳಿದವನು. ಇನ್ನು ಹೇಳುವುದಿಲ್ಲ. ಸಭ್ಯರು ಯಾರಾದರೂ ಇದಕ್ಕೆ ಬೇಜಾರು ಮಾಡಿಕೊಂಡರೆ, ದಯವಿಟ್ಟು ಎರಡು ನಿಮಿಷ ತಲೆ ತಗ್ಗಿಸಿ ನಿಂತುಕೊಳ್ಳಿ, ಸರಿಹೋಗುತ್ತದೆ.

ಭಾನುವಾರ ಮಳವಳ್ಳಿ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಒಬ್ಬ ತಾಯಿ, ಮಡಿಲಲ್ಲಿ ಆರು ತಿಂಗಳ ಮಗು. ಅದು ಊರು ಬಿಟ್ಟಾಗಿನಿಂದ ಅಳುತ್ತಿತ್ತು, ಬಸ್ಸಿನ ಹಾರನ್ನಿಗೂ ಸೆಡ್ಡು ಹೊಡೆಯುವಂಥ ಅಳು. ಕಂಡಕ್ಟರು "ಅದ್ರ ಬಾಯ್ ಮುಚ್ಸಮ್ಮ" ಎಂದು ಎರಡು ಸಲ ಗೊಣಗಿದ. ಆಕೆ ಕೇಳಿಸಿಕೊಂಡಂತೆ ಕಾಣಲಿಲ್ಲ. ನಿಧಾನವಾಗಿ ಕಿಟಕಿಯ ಕಡೆ ತಿರುಗಿ ಸೆರಗು ಹೊದಿಸಿಕೊಂಡಳು. ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ಉಸಿರಾಯಿತು, ಆಮೇಲೆ ಸದ್ದಿಲ್ಲ. ನಾನು ಪ್ರತಿವರ್ಷ ಹಾರಿಸಿದ್ದ ಪಾಠ ಕಣ್ಣಮುಂದೆ ನಡೆಯುತ್ತಿತ್ತು. ಸಿಪಾಯಿಯ ಮೌನಕ್ಕೂ ಈ ಮೌನಕ್ಕೂ ಜರ್ಮನರು ಒಂದೇ ಶಬ್ದ ಇಟ್ಟಿರಬಹುದು. ಒಂದನ್ನು ಆಜ್ಞೆ ಮಾಡಿ ಪಡೆಯುತ್ತಾರೆ, ಇನ್ನೊಂದು ಅತ್ತವರಿಗೆ ಮಾತ್ರ ಸಿಗುತ್ತದೆ. ಅತ್ತರೆ ತಾನೆ ತಾಯಿ ಹಾಲು ಕೊಡುವುದು ಎಂದು ನಮ್ಮ ಗಾದೆಯೂ ಹೇಳುತ್ತದೆ. ಅದನ್ನು ನಾವು ಅರ್ಜಿ ಹಾಕುವವರಿಗೆ ಮಾತ್ರ ಹೇಳುತ್ತೇವೆ.

ಊರು ತಲುಪಿದಾಗ ಮಧ್ಯಾಹ್ನ ಹನ್ನೆರಡು. ಅಕ್ಕನ ಬೀದಿಯ ತಿರುವಿನಲ್ಲಿ ಹಾಲಿನ ಡೇರಿ. ಅದರ ಜಗಲಿಯ ಮೇಲೆ ನಾಲ್ಕು ಜನ ಕೂತಿದ್ದರು. ನಾನು ನಿಂತೆ. ಇಲ್ಲಿಂದಲೇ ಶುರುಮಾಡಬೇಕು ಎಂಬುದು ಕಟ್ಟಳೆ. ಗಂಡಸು ಮಾಡಬಹುದೆಂದು ಕಟ್ಟಳೆ ಎಲ್ಲೂ ಹೇಳಿಲ್ಲ, ಮಾಡಬಾರದೆಂದೂ ಹೇಳಿಲ್ಲ. ಪಾಠಕ್ಕೆ ನಿಂತವನಂತೆ ಮೊದಲು ಗಂಟಲು ಸರಿಮಾಡಿಕೊಂಡೆ. ಕನ್ನಡಕ ತೆಗೆದು ಜೇಬಿಗಿಟ್ಟೆ. "ಅಯ್ಯೋ ರತ್ನಾ" ಎಂದೆ. ಅದು ಬಸ್ಸು ತಪ್ಪಿದವನ ಉದ್ಗಾರದ ಹಾಗಿತ್ತು. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಎಂದೆ. ಜಗಲಿಯ ಮೇಲಿದ್ದ ಮುದುಕರೊಬ್ಬರು ಎದ್ದು ಬಂದರು.

"ಏನ್ ಮೇಷ್ಟ್ರೇ, ಚೇಳ್ಗೀಳ್ ಏನಾರ ಕಚ್ತಾ?"

"ಏನೂ ಕಚ್ಚಿಲ್ಲ ಕಣಪ್ಪ. ನನ್ನೆಂಡ್ತಿ ಸತ್ತೋದ್ಲು."

"ಅದಾಗಿ ಒರ್ಸಾಯ್ತಾ ಬಂತಲ್ಲ ಸಾಮಿ?"

"ಊಂ. ಈಗ ಅಳ್ತಾ ಇವ್ನಿ."

ಈ ಮಾತನ್ನು ಹೇಳಿದ್ದೇ, ಗಂಟಲಿನ ಗಂಟು ಎಲ್ಲಿ ಸಡಿಲವಾಯಿತೋ ಕಾಣೆ. ಹೊರಟ ದನಿ ನನ್ನದಾಗಿರಲಿಲ್ಲ, ನನ್ನಪ್ಪನದೋ ತಾತನದೋ ಇರಬೇಕು, ಅಷ್ಟು ಒರಟಾಗಿತ್ತು. ಬೀದಿಯಲ್ಲಿ ನಡೆಯತೊಡಗಿದೆ. ನನಗೆ 'ಅಯ್ಯೋ ರತ್ನಾ' ಎಂಬುದರಾಚೆಗೆ ಹಾಡು ಗೊತ್ತಿರಲಿಲ್ಲ, ಅದನ್ನೇ ಹೇಳುತ್ತ ನಡೆದೆ. ಬಾಗಿಲುಗಳಲ್ಲಿ ಮುಖಗಳು ಕಾಣಿಸಿಕೊಂಡವು. ಯಾರೋ ಒಬ್ಬ ನಕ್ಕ. ಯಾರೋ ಅವನ ತಲೆಗೆ ಮೊಟಕಿದರು. ಮೃದುಭಾಷಿ ಎಂಬ ಬಿರುದು, ಶಾಲು, ಮೂವತ್ತು ವರ್ಷದ ಇಸ್ತ್ರಿ ಎಲ್ಲವೂ ಆ ಬೀದಿಯ ಮಣ್ಣಿಗೆ ಬಿದ್ದವು, ನಾನು ಹಿಂತಿರುಗಿ ನೋಡಲಿಲ್ಲ.

ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು, ಅವಳು ಕಾಣಲಿಲ್ಲ. ಹುಳುವಿನ ಮನೆಯಲ್ಲಿ ಮೇವು ಹಾಕುತ್ತಿರಬೇಕು. ಅಂಗಳದಲ್ಲಿ ನಿಂತೆ. ಇನ್ನು ಮುಂದಕ್ಕೆ ನಾನು ಹೋಗುವಂತಿಲ್ಲ, ಅವಳು ಬರಬೇಕು. ಬರದಿದ್ದರೆ ಅಂಗಳದ ನಡುವೆ ನಿಂತು ಅಳುವ ಮುದುಕನಾಗಿ ಉಳಿಯುತ್ತೇನೆ, ಆಗಲಿ, ಹನ್ನೊಂದು ತಿಂಗಳ ಹಿಂದೆ ಅವಳನ್ನು ನಾನು ನಿಲ್ಲಿಸಿದ್ದೂ ಹೀಗೆಯೇ ಅಲ್ಲವೇ. ಹಾಗೆಂದುಕೊಳ್ಳುತ್ತಿರುವಾಗ ಹಿತ್ತಿಲ ಕಡೆಯಿಂದ ಅಕ್ಕ ಬಂದಳು. ಸೆರಗಿನ ತುಂಬ ಸೊಪ್ಪಿನ ಚೂರು. ಹೊಸಿಲಲ್ಲಿ ಒಂದು ಗಳಿಗೆ ನಿಂತು ನನ್ನನ್ನು ನೋಡಿದಳು. ಆಮೇಲೆ ಓಡಿಬಂದು ಕೊರಳು ತಬ್ಬಿದಳು. ಎಪ್ಪತ್ತೈದರ ಹೆಂಗಸಿಗೆ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ.

ಕಿವಿಯ ಪಕ್ಕದಲ್ಲೇ ಅವಳ ದನಿ ಎದ್ದಿತು. ಮೊದಲ ಪಾಲು ನನಗೇ ಬಂತು. "ಸುಮ್ಕಿರು ಅಂದ್ನಲ್ಲವ್ವ ನಿನ್ ಗಂಡ, ಸುಮ್ಕಿದ್ದೆ ಕಣವ್ವ ಇಸ್ಟ್ ದಿನ... ಓದ್ದೋನು ಕಣವ್ವ ರತ್ನಾ, ಅಳಾಕ್ ಬರ್ದೆ ನನ್ ಬಾಗ್ಲಿಗ್ ಬಂದವ್ನೆ..." ಊರಿಗೆ ಊರೇ ಕೇಳುತ್ತಿತ್ತು. ಕೇಳಲಿ ಎನ್ನಿಸಿತು. ಅಷ್ಟು ಹೇಳಿ ಮುಗಿಸಿದ ಮೇಲೆ ಅವಳ ಹಾಡು ನನ್ನನ್ನು ಬಿಟ್ಟು ರತ್ನಳ ತೊಟ್ಟಿಲಿಗೆ ಹೋಯಿತು. ಅವಳ ತವರಿನ ಅಂಗಳ, ಮರದ ತುಂಬ ಹಕ್ಕಿ, ಅವಳು ಲಂಗ ಉಟ್ಟು ಶಾಲೆಗೆ ಓಡಿದ್ದು, ನಾನು ನೋಡದೇ ಇದ್ದ ರತ್ನ ಒಬ್ಬಳು ಆ ದನಿಯಲ್ಲಿ ಬೆಳೆಯುತ್ತ ಬಂದಳು. ಅಕ್ಕನಿಗೆ ಇದೆಲ್ಲ ಹೇಗೆ ಗೊತ್ತು? ಇವರಿಬ್ಬರೂ ನನ್ನ ಅಡುಗೆಮನೆಯಲ್ಲಿ ಕೂತು ವರ್ಷಗಟ್ಟಲೆ ಮಾತಾಡಿದ್ದರು, ನಾನು ಮುಂದಿನ ಕೋಣೆಯಲ್ಲಿ, ಸ್ವಲ್ಪ ಮೆಲ್ಲಗೆ ಮಾತಾಡಬಾರದೇ ಎಂದು ಗೊಣಗುತ್ತ ಓದುತ್ತಿದ್ದೆ. ನನ್ನ ಎದೆ ಒಡೆದುಹೋಯಿತು. ಅದಕ್ಕೆ ಮುಂಚೆ ಎಂದಾದರೂ ಅಷ್ಟು ಅತ್ತದ್ದು ನನಗೆ ನೆನಪಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಸಾಕಾಯಿತು ಎನ್ನಿಸಿತು. ಬೀದಿಯ ಜನರೆದುರು ಇದ್ದಕ್ಕಿದ್ದಂತೆ ಸಂಕೋಚವೂ ಆಯಿತು. ಕರ್ಚೀಫಿನಿಂದ ಮುಖ ಒರೆಸಿಕೊಂಡು, ಮೆಲ್ಲಗೆ ತಲೆಯೆತ್ತಲು ನೋಡಿದೆ. ಅಕ್ಕ ಹಾಡು ನಿಲ್ಲಿಸಿದಳು. ಕೊರಳ ಹಿಡಿತ ಮಾತ್ರ ಬಿಡಲಿಲ್ಲ. ಕಣ್ಣೀರು ಸುರಿಯುತ್ತಿರುವ ಮುಖದಲ್ಲೇ ನನ್ನನ್ನು ಗದರಿದಳು:

"ಯಾಕ್ಲಾ ನಿಲ್ಲುಸ್ದೆ? ಅವ್ಳಿನ್ನೂ ಮದ್ವೆಯಾಗಿ ನಮ್ಮನೇಗೇ ಬಂದಿಲ್ಲ. ಅಳು."